ಈಗ ತಾನೇ ಬಿದ್ದ ಹಲ್ಲು

ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತುಹೋದಾಗ ಜನ ಮೊದಲು ಎಲ್ಲ ಗುಂಡಿಗಳನ್ನೂ ಒತ್ತುತ್ತಾರೆ, ಆಮೇಲೆ ಬಾಗಿಲು ಬಡಿಯುತ್ತಾರೆ, ಕೊನೆಗೆ ಗಂಟೆಯ ಚಿತ್ರವಿರುವ ಹಳದಿ ಗುಂಡಿ ಅವರ ಕಣ್ಣಿಗೆ ಬೀಳುತ್ತದೆ. ಅದನ್ನು ಒತ್ತಿದರೆ ಗೋಡೆಯೊಳಗಿಂದ ಒಂದು ಹೆಣ್ಣುದನಿ ಬರುತ್ತದೆ. "ಹೇಳಿ, ನಾನು ಕೇಳಿಸ್ಕೊಳ್ತಾ ಇದ್ದೀನಿ." ಹದಿನೇಳು ವರ್ಷ ಆ ದನಿ ದೊಡ್ಡವಳದಾಗಿತ್ತು.

ದೊಡ್ಡವಳು ಅಂದರೆ ಆ ಮನೆಯ ದೊಡ್ಡ ಸೊಸೆ. ಅತ್ತೆ ಇದ್ದಾಗ ಇಬ್ಬರು ಸೊಸೆಯರನ್ನೂ ದೊಡ್ಡವಳು, ಚಿಕ್ಕವಳು ಎಂದೇ ಕರೆಯುತ್ತಿದ್ದರು. ಅತ್ತೆ ತೀರಿಕೊಂಡು ಮೂರು ವರ್ಷವಾದರೂ ಆ ಹೆಸರುಗಳು ಹಾಗೇ ಉಳಿದಿದ್ದವು, ಕಿಟಕಿಯ ಮೇಲೆ ಯಾರೂ ತೆಗೆಯದೆ ಬಿಟ್ಟ ಅವರ ಕನ್ನಡಕದ ಡಬ್ಬಿಯ ಹಾಗೆ.

ಅವಳ ಕೆಲಸಕ್ಕೆ ನಿಯಮಗಳು ಬಿಗಿ. ಮೆಕ್ಯಾನಿಕ್ ಬಂದು ಬಾಗಿಲು ತೆಗೆಯುವ ತನಕ ಫೋನ್ ಇಡುವಂತಿಲ್ಲ. ಎದ್ದು ಹೋಗುವಂತಿಲ್ಲ. ಮೈಕ್ ಬಂದ್ ಮಾಡುವಂತಿಲ್ಲ. ಗೋಡೆ ಸುಮ್ಮನಾದರೆ ಒಳಗಿದ್ದವರ ಜೀವ ಬಾಯಿಗೆ ಬರುತ್ತದೆ. ಎರಡು ನಿಮಿಷಕ್ಕೊಮ್ಮೆ "ನಾನು ಇಲ್ಲೇ ಇದ್ದೀನಿ" ಅನ್ನಬೇಕು. ಆ ಎರಡು ನಿಮಿಷಗಳ ನಡುವೆ ಏನು ಮಾತಾಡಬೇಕೆಂದು ಕಂಪನಿಯ ಪುಸ್ತಕದಲ್ಲಿ ಇರಲಿಲ್ಲ. ದೊಡ್ಡವಳು ಅದನ್ನು ತಾನೇ ಕಂಡುಕೊಂಡಿದ್ದಳು. ಎಷ್ಟು ಹೊತ್ತಾಯಿತು, ಉಸಿರು ಕಟ್ಟುತ್ತಿದೆಯಾ ಎಂದೆಲ್ಲ ಅವಳು ಕೇಳುತ್ತಿರಲಿಲ್ಲ. "ನಿಮ್ಮ ಕೈಯಲ್ಲಿ ಏನಿದೆ?" ಎಂದು ಕೇಳುತ್ತಿದ್ದಳು. ಹಾಲಿನ ಪೊಟ್ಟಣ, ಎಕ್ಸ್‌ರೇ ಲಕೋಟೆ, ಉದ್ದ ಕಡಿಮೆ ಮಾಡಿಸಿದ ಪ್ಯಾಂಟು. ಕೈಯಲ್ಲಿರುವುದರ ಬಗ್ಗೆ ಮಾತು ಶುರುವಾದರೆ ಮನುಷ್ಯ ಗೋಡೆಗಳನ್ನು ಮರೆಯುತ್ತಾನೆ. ಒಬ್ಬಾತ "ಏನೂ ಇಲ್ಲ" ಎಂದು ಗದರಿ, ಸ್ವಲ್ಪ ಹೊತ್ತಿನ ಮೇಲೆ, "ಒಂದು ಬಲೂನಿದೆ ಮೇಡಂ, ಒಡೆದುಹೋಗಿದೆ" ಅಂದಿದ್ದ. "ಏನಿಲ್ಲ ಅನ್ನೋರ ಕೈಯಲ್ಲೇ ಖಂಡಿತ ಏನಾದ್ರೂ ಇರುತ್ತೆ" ಎಂದು ಅವಳು ಹೊಸಬರಿಗೆ ಹೇಳಿಕೊಡುತ್ತಿದ್ದಳು.

ಹಾಗೆ ಹೇಳಿಸಿಕೊಂಡ ಹೊಸಬರಲ್ಲಿ ಅವಳ ಓರಗಿತ್ತಿ ಚಿಕ್ಕವಳೂ ಒಬ್ಬಳು. ಕೆಲಸ ಕೊಡಿಸಿದವಳೂ ದೊಡ್ಡವಳೇ, ಕಲಿಸಿದವಳೂ ದೊಡ್ಡವಳೇ. ನಡುವೆ ಒಂದು ವರ್ಷ ಕಂಪನಿ ಎಲ್ಲರನ್ನೂ ಮನೆಯಿಂದಲೇ ಕೆಲಸ ಮಾಡಿ ಎಂದು ಕಳಿಸಿತು. ಆಮೇಲೆ ಒಬ್ಬೊಬ್ಬರನ್ನೇ ಹಿಂದಕ್ಕೆ ಕರೆಸಿಕೊಂಡು, ಮನೆಯ ಕುರ್ಚಿಗಳು ಐದೇ ಐದು ಎಂದು ಗೆರೆ ಎಳೆಯಿತು. ಐದರಲ್ಲಿ ಒಂದು ಚಿಕ್ಕವಳಿಗೆ ಸಿಕ್ಕಿತು. ದೊಡ್ಡವಳಿಗೆ ಬಡ್ತಿ ಸಿಕ್ಕಿತು. ಬಡ್ತಿಯ ಮೇಜು ಆಫೀಸಿನಲ್ಲಿತ್ತು.

"ನಿಂಗೆ ಮೇಜು, ಅವಳಿಗೆ ಮನೆ. ಇಬ್ಬರಿಗೂ ಒಳ್ಳೇದೇ ಆಯ್ತಲ್ಲ" ಅಂದ ಗಂಡ, ಪೇಪರಿನಿಂದ ತಲೆಯೆತ್ತದೆ.

"ಹೌದು ಹೌದು. ನಿಮಗೆ ಪೇಪರು" ಅಂದಳು ದೊಡ್ಡವಳು.

ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಅವಳು ಓಡುತ್ತಿದ್ದಳು. ಬಾಗಿಲು ಎಳೆದುಕೊಳ್ಳುವಾಗ ಚಿಕ್ಕವಳು ಕೆದರಿದ ಕೂದಲಲ್ಲಿ, ಮೊಣಕೈ ಜಾಳಾದ ಸ್ವೆಟರಿನಲ್ಲಿ, ಎರಡೂ ಕೈಯಲ್ಲಿ ಟೀ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಆ ಲೋಟದಿಂದ ಏಳುವ ಹಬೆಯ ಮೇಲೂ ದೊಡ್ಡವಳಿಗೆ ಹೊಟ್ಟೆಕಿಚ್ಚು. ಅದೇ ಕೆಲಸ, ಅದೇ ಗುಂಡಿ, ಅದೇ ಸಿಕ್ಕಿಹಾಕಿಕೊಂಡ ಜನ; ಆದರೆ ಅವಳು ಹತ್ತು ಮೆಟ್ಟಿಲು ಹತ್ತಿದರೆ ಆಫೀಸು, ಇವಳು ಎರಡು ಬಸ್ಸು ಬದಲಾಯಿಸಬೇಕು. ಅಷ್ಟೇ ಆಗಿದ್ದರೆ ದೊಡ್ಡವಳು ನುಂಗಿಕೊಳ್ಳುತ್ತಿದ್ದಳು. ಬಸ್ಸು ನುಂಗಬಹುದು. ನುಂಗಲಾಗದ್ದು ಗಿಲಕಿಯ ಮಧ್ಯಾಹ್ನ.

ಗಿಲಕಿ ದೊಡ್ಡವಳ ಮಗಳು. ಆರು ವರ್ಷ. ಬಾಯಿ ಮುಚ್ಚದ ಕಾರಣಕ್ಕೆ ಬಂದ ಹೆಸರು. ಶಾಲೆಯ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಅದನ್ನು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಶಾಲೆ ಒಂದೂವರೆಗೆ ಬಿಡುತ್ತಿತ್ತು. ಚಿಕ್ಕವಳು ತನ್ನ ಊಟದ ಬಿಡುವಿನಲ್ಲಿ ಹೋಗಿ ಕರೆತರುತ್ತಿದ್ದಳು. ದೊಡ್ಡವಳು ಮನೆ ಸೇರುವುದು ಆರು ಇಪ್ಪತ್ತಕ್ಕೆ. ಒಂದೂವರೆಯಿಂದ ಆರು ಇಪ್ಪತ್ತರವರೆಗೆ ಗಿಲಕಿಯ ಬಾಯಿಂದ ಏನೇನು ಸುರಿಯಿತೋ, ಅದೆಲ್ಲ ಚಿಕ್ಕವಳ ಮಡಿಲಿಗೆ. ದೊಡ್ಡವಳಿಗೆ ಅನ್ನಿಸುತ್ತಿದ್ದುದು ಹೀಗೆ: ಮಗು ತನ್ನದು, ಮಗುವಿನ ಸುದ್ದಿ ಇನ್ನೊಬ್ಬಳದು.

ಆದರೂ ಒಂದು ಸಮಾಧಾನವಿತ್ತು. ಸಂಜೆ ಗೇಟಿನ ಕೀಲು ಕಿರುಗುಟ್ಟಿದರೆ ಸಾಕು, ಗಿಲಕಿ ಒಳಗಿಂದ ಬಾಣದ ಹಾಗೆ ಬರುತ್ತಿದ್ದಳು. ಬಂದವಳ ಬಾಯಲ್ಲಿ ಏನಾದರೊಂದು ಬಿಸಿಬಿಸಿ ಸುದ್ದಿ ಇರುತ್ತಿತ್ತು. ಒಂದು ಭಾನುವಾರವಂತೂ ಸೈಕಲ್ಲಿನ ಸೀಟು ಹಿಡಿದಿದ್ದ ದೊಡ್ಡವಳು ಕೈ ಬಿಟ್ಟದ್ದೇ ತಡ, ಮಗು ಬೀದಿಯ ಕೊನೆಯ ತನಕ ಹೋಗಿ, ಓಲಾಡದೆ ತಿರುಗಿಸಿಕೊಂಡು ಬಂದಿತ್ತು. "ಹುಟ್ಟಿದಾಗಿನಿಂದ ಸೈಕಲ್ ಮೇಲೇ ಇದ್ದವಳ ಥರ!" ಎಂದು ದೊಡ್ಡವಳು ಆಫೀಸಿನಲ್ಲಿ ಮೂರು ದಿನ ಹೇಳಿಕೊಂಡಿದ್ದಳು.

ಹಲ್ಲಿನ ದಿನವೂ ಹಾಗೇ. ಗೇಟಿನ ಬಳಿ ಗಿಲಕಿ ಬಾಯಿ ಅಗಲಿಸಿ ನಿಂತಿದ್ದಳು. ಅಂಗೈಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ಹಲ್ಲು.

"ಅಮ್ಮಾ! ಈಗ ತಾನೇ ಬಿತ್ತು! ನೀನು ಗೇಟ್ ತೆಗೆದೆ, ಇದು ಬಿತ್ತು!"

ದೊಡ್ಡವಳು ಚೀಲವನ್ನು ನೆಲಕ್ಕೆ ಹಾಕಿ, ಮಂಡಿಯೂರಿ, ಆ ಪುಟ್ಟ ಕಿಂಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ನುಣ್ಣಗೆ, ಗುಲಾಬಿಯಾಗಿ, ಒಣಗಿತ್ತು. ಅವಳ ಕಣ್ಣು ತುಂಬಿತು. ತಲೆಯೆತ್ತಿದರೆ ಬಾಗಿಲಲ್ಲಿ ಚಿಕ್ಕವಳು ನಿಂತಿದ್ದಳು, ಕೈ ಒರೆಸಿಕೊಳ್ಳುತ್ತ. "ಅಯ್ಯೋ, ಬಿದ್ದೇ ಹೋಯ್ತಾ?" ಅಂದಳು ಚಿಕ್ಕವಳು. ನೋಡು, ನಿನಗೆ ಸಿಗಲಿಲ್ಲ, ನನಗೆ ಸಿಕ್ಕಿತು ಎಂದು ದೊಡ್ಡವಳ ಒಳಗೆ ಏನೋ ಕುಣಿಯಿತು. ಆ ರಾತ್ರಿ ಅವಳು ಓರಗಿತ್ತಿಯ ತಟ್ಟೆಗೆ ತಾನೇ ಬಡಿಸಿದಳು.

ಅವಳ ಬಡ್ತಿಯ ಮೇಜಿನ ಕೆಲಸ ಏನೆಂದರೆ, ಇತರರ ಕರೆಗಳನ್ನು ಕೇಳುವುದು. ಪ್ರತಿಯೊಂದು ಕರೆಯೂ ಧ್ವನಿಮುದ್ರಣವಾಗುತ್ತಿತ್ತು. ವಾರಕ್ಕೆ ಒಬ್ಬೊಬ್ಬರ ಐದು ಕರೆ ಕೇಳಿ, ಕರೆಗೊಂದು ಕಾಗದದಲ್ಲಿ ಟಿಕ್ ಹಾಕಿ ಸಹಿ ಮಾಡಬೇಕು. ಎರಡು ನಿಮಿಷಕ್ಕೊಮ್ಮೆ ದನಿ ಕೊಟ್ಟರೇ? ಮಾತು ಮೃದುವಾಗಿತ್ತೇ? ಮನೆಯಿಂದ ಕೆಲಸ ಮಾಡುವವರ ಕಾಗದದಲ್ಲಿ ಕೊನೆಗೆ ಇನ್ನೊಂದು ಸಾಲು: ಹಿನ್ನೆಲೆ ಸದ್ದು, ಇದೆ, ಇಲ್ಲ. ಮೂರು ತಿಂಗಳಲ್ಲಿ ಮೂರು "ಇದೆ" ಬಿದ್ದರೆ ಮನೆಯ ಕುರ್ಚಿ ಹೋಯಿತು. ಆದರೆ ಆ ಸಾಲನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಮನೆಯೆಂದ ಮೇಲೆ ಸದ್ದು ಇಲ್ಲದಿರುತ್ತದೆಯೇ? ಒಬ್ಬರ ಕರೆಯಲ್ಲಿ ನಾಯಿ, ಒಬ್ಬರ ಕರೆಯಲ್ಲಿ ಸ್ನಾನದ ಮನೆಯಿಂದ ಗಂಡನ ಸಂಗೀತ. ದೊಡ್ಡವಳು ನಕ್ಕು "ಇಲ್ಲ" ಎಂಬಲ್ಲಿ ಟಿಕ್ ಹಾಕಿ ಬಿಡುತ್ತಿದ್ದಳು. ಗಂಡನ ಸಂಗೀತಕ್ಕೂ "ಇಲ್ಲ" ಎಂದೇ ಹಾಕಿದ್ದಳು, ಪಾಪ ಹೆಂಡತಿಯ ತಪ್ಪೇನು ಅಂತ.

ಮನೆಯವರ ಕರೆಯನ್ನು ಮನೆಯವರು ಕೇಳಬಾರದೆಂಬ ಕಾರಣಕ್ಕೆ ಚಿಕ್ಕವಳ ಕಾಗದ ಪಕ್ಕದ ಮೇಜಿನ ಗೆಳತಿಗೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ದೊಡ್ಡವಳು ಆ ಗೆಳತಿಯ ಕಡೆ ಬಾಗಿ, "ನಿನ್ನ ಆ ಮೂಗಿನಲ್ಲಿ ಮಾತಾಡೋನನ್ನ ನಂಗೆ ಕೊಡು, ನಮ್ಮ ಚಿಕ್ಕವಳನ್ನ ನಾನು ತಗೊಳ್ತೀನಿ" ಅಂದಳು.

"ಯಾಕೆ? ಜಗಳಾನಾ?"

"ಜಗಳ ಯಾಕೆ? ಹೇಗೆ ಮಾಡ್ತಾಳೆ ನೋಡೋಣ ಅಂತ. ನಾನೇ ಕಲಿಸಿದ್ದು ತಾನೇ."

"ತಗೋ ಮಾರಾಯ್ತಿ. ಆ ಮೂಗಿನವನು ಹೋದರೆ ನಂಗೆ ಹಬ್ಬ."

ದೊಡ್ಡವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡದ್ದು ಓರಗಿತ್ತಿಯ ಮಾತು ಕೇಳಲು ಅಲ್ಲ. ಆ ಮಾತಿನ ಹಿಂದೆ, ದೂರದಲ್ಲಿ, ತನ್ನ ಮನೆಯ ಮಧ್ಯಾಹ್ನವಿತ್ತು. ತಾನು ಒಂದು ದಿನವೂ ಕೇಳದ ಮಧ್ಯಾಹ್ನ. ಮೇಲಿನ ಕೋಣೆಯ ಕಿಟಕಿ ಗಾಳಿಗೆ ಒಮ್ಮೆ ತಟ್ಟಿತು. ಕೆಳಗೆ ನಲ್ಲಿ ತಿರುವಿದ ಸದ್ದು. ಆಮೇಲೆ ಮೆಟ್ಟಿಲ ಮೇಲೆ ಎರಡು ಬರಿಗಾಲು, ಒಂದೊಂದು ಮೆಟ್ಟಿಲಿಗೂ ಎರಡೆರಡು ಹೆಜ್ಜೆ. ಅವಳು ಆ ಕರೆಯನ್ನು ನಾಲ್ಕು ಸಲ ಕೇಳಿದಳು. ಮರುವಾರ ಇನ್ನಷ್ಟು. ಅಳಿದುಳಿದದ್ದನ್ನು ಬಟ್ಟಲಿನ ತಳದಿಂದ ಬೆರಳಲ್ಲಿ ಬಳಿಯುವವಳ ಹಾಗೆ ಅವಳು ಕರೆಗಳ ತಳದಿಂದ ಮಗಳನ್ನು ಬಳಿದುಕೊಳ್ಳುತ್ತಿದ್ದಳು. ಕಾಗದದಲ್ಲಿ ಮಾತ್ರ "ಇಲ್ಲ" ಎಂದೇ ಹಾಕುತ್ತಿದ್ದಳು. ಸದ್ದು ಇದೆ ಅಂದರೆ ಸದ್ದು ನಿಂತುಹೋಗುತ್ತದಲ್ಲ.

ಹಲ್ಲು ಬಿದ್ದ ಮರುವಾರ ಅವಳ ಕೈಗೆ ಅದೇ ದಿನದ ಒಂದು ಕರೆ ಬಂತು. ಮಧ್ಯಾಹ್ನ ಎರಡು ನಲವತ್ತು. ಹಣ್ಣು ಹಣ್ಣಾದ ಮುದುಕರೊಬ್ಬರು, ನಡುಗುವ ದನಿ.

"ನಿಮ್ಮ ಕೈಯಲ್ಲಿ ಏನಿದೆ ತಾತ?" ಅಂದಳು ಚಿಕ್ಕವಳು. ನಾನು ಕಲಿಸಿದ್ದು, ಅಂದುಕೊಂಡಳು ದೊಡ್ಡವಳು.

"ಕುಂಡ ಇದೆಯಮ್ಮ. ಗುಲಾಬಿ ಗಿಡ. ತಂಗಿ ಮನೆಗೆ ತಗೊಂಡು ಹೋಗ್ತಿದ್ದೆ."

"ಮೊಗ್ಗು ಎಷ್ಟಿದೆ ನೋಡಿ?"

ತಾತ ಎಣಿಸುತ್ತಿರುವಾಗ ಬಾಗಿಲು ಧಡ್ ಎಂದಿತು. "ಚಿಕ್ಕಮ್ಮಾ! ಬಿತ್ತು! ರಕ್ತ ನೋಡು, ರಕ್ತ!"

ಮೈಕಿನ ಮೇಲೆ ಅಂಗೈ ಒತ್ತಿದ ಸದ್ದು. ಅದರ ಒಳಗಿಂದ, ಹತ್ತಿಯೊಳಗಿಂದ ಬಂದ ಹಾಗೆ, ಚಿಕ್ಕವಳ ಪಿಸುಮಾತು. "ಶ್! ಬಾಯಿ ತೊಳ್ಕೋ. ಹಲ್ಲು ತೆಗೆದಿಡು. ಅಮ್ಮ ಬಂದಾಗ ಈಗ ತಾನೇ ಬಿತ್ತು ಅನ್ನು."

"ಸೈಕಲ್ ಥರಾನಾ?"

"ಹೂಂ. ಸೈಕಲ್ ಥರಾನೇ."

"ಯಾರಮ್ಮ ಅದು?" ಅಂದರು ತಾತ, ನಡುಕ ಮರೆತು.

"ನಮ್ಮನೆ ಮಗು ತಾತ. ಹಲ್ಲು ಬಿತ್ತಂತೆ. ನಾನು ಇಲ್ಲೇ ಇದ್ದೀನಿ. ಎಷ್ಟು ಮೊಗ್ಗು?"

ದೊಡ್ಡವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಆಫೀಸಿನ ಪಂಖ ತಿರುಗುತ್ತಿತ್ತು. ಯಾರೋ ಮುದ್ರಣಯಂತ್ರಕ್ಕೆ ಕಾಗದ ತುಂಬುತ್ತಿದ್ದರು. ಸೈಕಲ್ ಥರಾನೇ. ಹಾಗಾದರೆ ಆ ಭಾನುವಾರ ಓಲಾಡದೆ ತಿರುಗಿದ್ದು ಅದಕ್ಕೇ. ಮಗು ಗುರುವಾರವೋ ಶುಕ್ರವಾರವೋ ಆಗಲೇ ಕಲಿತು ಮುಗಿಸಿತ್ತು. ಗೇಟಿನಲ್ಲಿ ಸಿಕ್ಕಿದ ಬಿಸಿ ಸುದ್ದಿಗಳೆಲ್ಲ ಒಂದೊಂದಾಗಿ ಅವಳ ಮುಂದೆ ಬಂದು ನಿಂತವು. ಎಲ್ಲವೂ ಒಬ್ಬಳು ಉಂಡು, ಬಾಯಿ ಒರೆಸಿಕೊಂಡು, ಮುಚ್ಚಿಟ್ಟು, ಬಿಸಿ ಮಾಡಿ ಕೊಟ್ಟದ್ದು. ಒಣಗಿದ ಕಿಂಡಿ ನೆನಪಾಯಿತು. ಈಗ ತಾನೇ ಬಿದ್ದ ಹಲ್ಲಿನ ಜಾಗದಲ್ಲಿ ರಕ್ತವಿರಬೇಡವೇ? ಇಷ್ಟು ಕಣ್ಣು ತುಂಬಿಸಿಕೊಂಡವಳಿಗೆ ಅಷ್ಟು ಕಾಣಲಿಲ್ಲವೇ?

ಕದ್ದಿದ್ದರೆ ಕ್ಷಮಿಸಬಹುದಿತ್ತು. ದಾನ ಕೊಟ್ಟಿದ್ದಳು. ಅದೂ ತನ್ನ ಮಗುವನ್ನು, ತನಗೆ.

ಅವಳು "ಇದೆ" ಎಂಬಲ್ಲಿ ಟಿಕ್ ಹಾಕಿದಳು. ಆ ವಾರದ ಇನ್ನೊಂದು ಕರೆಯಲ್ಲಿ ಗಿಲಕಿಯ ನಗುವಿತ್ತು; ಇದೆ. ಮತ್ತೊಂದರಲ್ಲಿ ಶಾಲೆಯ ಪದ್ಯವನ್ನು ಯಾರೋ ಗುನುಗುತ್ತಿದ್ದರು, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು. ದೊಡ್ಡವಳು ಕಿವಿಗೊಟ್ಟಳು, ಇದೆ. ನಿಯಮ ಅಂದರೆ ನಿಯಮ ಎಂದು ತನಗೇ ಹೇಳಿಕೊಂಡಳು. ಪೆನ್ನು ಮುಚ್ಚಿದಳು.

ಹದಿನೈದು ದಿನಕ್ಕೆ ಕಾಗದ ಬಂತು. ಚಿಕ್ಕವಳ ಮನೆಯ ಕುರ್ಚಿ ರದ್ದು, ಸೋಮವಾರದಿಂದ ಆಫೀಸು. ಖಾಲಿಯಾದ ಕುರ್ಚಿ ಯಾರಿಗೆ ಬೇಕು ಎಂದು ಮ್ಯಾನೇಜರ್ ಕೇಳಿದಾಗ ದೊಡ್ಡವಳ ಕೈ ಎಲ್ಲರಿಗಿಂತ ಮೊದಲು ಮೇಲಿತ್ತು.

"ನೀವಾ?" ಅಂದರು ಮ್ಯಾನೇಜರ್. "ಚೆಕಿಂಗ್ ಮೇಜು ಬಿಟ್ಟು ಮತ್ತೆ ಫೋನಿಗಾ? ಜನ ಮೇಲೆ ಹೋಗೋಕೆ ನೋಡ್ತಾರೆ."

"ಲಿಫ್ಟ್ ಕಂಪನಿ ಅಲ್ವಾ ಸಾರ್. ಕೆಳಗೂ ಹೋಗುತ್ತೆ" ಅಂದಳು ದೊಡ್ಡವಳು. ಎಲ್ಲರೂ ನಕ್ಕರು. ಪಕ್ಕದ ಮೇಜಿನ ಗೆಳತಿ ಮಾತ್ರ ನಗದೆ ಅವಳನ್ನೇ ನೋಡಿದಳು.

ಮನೆಯಲ್ಲಿ ಚಿಕ್ಕವಳು ಕಾಗದವನ್ನು, ಜೊತೆಗೆ ಲಗತ್ತಿಸಿದ್ದ ಮೂರು ಹಾಳೆಗಳನ್ನು, ಅಡುಗೆಮನೆಯ ಬೆಳಕಿನಲ್ಲಿ ನಿಂತು ನಿಧಾನವಾಗಿ ಓದಿದಳು. ಮಡಿಚಿದಳು. "ಹೋಗ್ಲಿ ಬಿಡಿ ಅಕ್ಕ. ನಂಗೂ ಹೊರಗಿನ ಗಾಳಿ ಬೇಕಿತ್ತು" ಅಂದಳು. ಮರುದಿನ ಕಂದು ಬಣ್ಣದ ಹೊಸ ಶೂ ತಂದಳು.

ಸೋಮವಾರ ಬೆಳಿಗ್ಗೆ ಏಳೂವರೆಗೆ ಬಾಗಿಲು ಎಳೆದುಕೊಂಡ ಸದ್ದಾಯಿತು. ದೊಡ್ಡವಳು ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ಕೂತಳು. ಹಬೆ ಮುಖಕ್ಕೆ ಬಂತು. ಟೀ ಮಾತ್ರ ದಿನದ ಟೀಯ ಹಾಗೇ ಇತ್ತು.

ಒಂದೂವರೆಗೆ ಶಾಲೆಯಿಂದ ಬರುವ ದಾರಿಯಲ್ಲಿ ಗಿಲಕಿ ಹೊಸ ಕೆಲಸದವಳಿಗೆ ಹೇಳಿಕೊಡುವ ಹಾಗೆ ಹೇಳಿಕೊಟ್ಟಳು. "ನೋಡಮ್ಮ, ನೀನು ಫೋನಲ್ಲಿದ್ರೆ ಬಾಗಿಲ ಹಿಡಿಗೆ ಕೆಂಪು ಕಾಲುಚೀಲ ಹಾಕ್ಬೇಕು. ಕಾಲುಚೀಲ ಇದ್ರೆ ನಾನು ಒಳಗೆ ಬರಲ್ಲ. ಚಿತ್ರ ಬರೆದು ಬಾಗಿಲ ಕೆಳಗೆ ತೂರಿಸ್ತೀನಿ. ನೀನು ಆಮೇಲೆ ನೋಡು."

"ಯಾರು ಹೇಳಿದ್ದು?"

"ಚಿಕ್ಕಮ್ಮ. ನಾವಿಬ್ರೂ ಸೇರಿ ಮಾಡಿದ್ದು."

ಇದೊಂದು ರಾಜ್ಯವೇ ಆಗಿತ್ತು, ತನ್ನ ಮನೆಯ ಮೇಲಿನ ಕೋಣೆಯಲ್ಲಿ, ತನಗೆ ಗೊತ್ತಿಲ್ಲದ ಕಾನೂನುಗಳ ಜೊತೆ. ದೊಡ್ಡವಳು ಕೆಂಪು ಕಾಲುಚೀಲ ಬೇಡವೆಂದಳು. ಹಸಿರು ರಿಬ್ಬನ್ ಕಟ್ಟೋಣ ಅಂದಳು. ಗಿಲಕಿ ಅದನ್ನು ಒಂದು ದಿನ ಸಹಿಸಿ, ಎರಡನೆಯ ದಿನ ಕಾಲುಚೀಲವನ್ನೇ ಹಾಕಿದಳು.

ಇಷ್ಟರ ಮೇಲೆ ದೊಡ್ಡವಳಿಗೆ ಸದ್ದಿನ ಹೆದರಿಕೆ. ಇತರರ ನಾಯಿಗೂ ಸಂಗೀತಕ್ಕೂ ರಿಯಾಯಿತಿ ಕೊಟ್ಟವಳು ತನಗೆ ಕೊಟ್ಟುಕೊಳ್ಳಲಾರಳು. ಮೂರು ಟಿಕ್ಕಿನ ಬೆಲೆ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಶ್!" "ಮೆಲ್ಲಗೆ!" "ಆಮೇಲೆ, ಆಮೇಲೆ!" ಬಯಸಿ ಬಯಸಿ ತಂದುಕೊಂಡ ಮಧ್ಯಾಹ್ನದ ತುಂಬ ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡೇ ಕಳೆದಳು. ಆಫೀಸಿನಿಂದ ಗೆಳತಿ ಫೋನ್ ಮಾಡಿ, "ನಿನ್ನ ಕರೆ ಕೇಳಿದೆ ಕಣೇ. ಮನೇಲಿ ಯಾರೂ ಇಲ್ವಾ? ಹಾಳು ಮನೆ ಥರ ಇದೆಯಲ್ಲ" ಅಂದಳು. ದೊಡ್ಡವಳು ಅದನ್ನು ಹೊಗಳಿಕೆಯೆಂದು ತೆಗೆದುಕೊಳ್ಳಲು ನೋಡಿದಳು, ಆಗಲಿಲ್ಲ.

ಅದಕ್ಕಿಂತ ಕೆಟ್ಟದ್ದು ಸಂಜೆ.

ಮೊದಲ ಸಂಜೆಯೇ, ಆರು ಗಂಟೆಯಿಂದ ಗಿಲಕಿ ಕಿಟಕಿಯ ಬಳಿ ಹೋಗುವುದು ಬರುವುದು ಮಾಡುತ್ತಿದ್ದಳು. ಆರು ಇಪ್ಪತ್ತಕ್ಕೆ ಗೇಟು ಕಿರುಗುಟ್ಟಿತು. ಮಗು ದೊಡ್ಡವಳ ಕೈಯಿಂದ ಅರ್ಧ ಹೆಣೆದ ಜಡೆ ಬಿಡಿಸಿಕೊಂಡು ಓಡಿತು. "ಚಿಕ್ಕಮ್ಮಾ! ಚಿಕ್ಕಮ್ಮಾ, ಏನಾಯ್ತು ಗೊತ್ತಾ?" ಚಿಕ್ಕವಳು ಹೊಸ ಶೂ ಕಚ್ಚುತ್ತಿದ್ದರೂ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಅವಳ ಕೆನ್ನೆಯಲ್ಲಿ ಬೀದಿಯ ಗಾಳಿಯ ಕೆಂಪಿತ್ತು, ಕೂದಲಲ್ಲಿ ಬಸ್ಸಿನ ವಾಸನೆ, ಚೀಲದಲ್ಲಿ ಗಿಲಕಿಗೆಂದು ತೆಗೆದಿಟ್ಟ ನೀಲಿ ಟಿಕೆಟ್ಟು. ಗಿಲಕಿ ಅವಳ ಕೊರಳಿಗೆ ಜೋತುಬಿದ್ದು ಕಿವಿಯಲ್ಲಿ ಏನೋ ಸುರಿಯುತ್ತಿದ್ದಳು.

ದೊಡ್ಡವಳು ಬಾಗಿಲಲ್ಲಿ ಬಾಚಣಿಗೆ ಹಿಡಿದು ನಿಂತಿದ್ದಳು. ಅಷ್ಟು ಕಾಲ ಈ ಆಟದ ಒಳಗೇ ಇದ್ದ ಕಾರಣ ಇದನ್ನು ಹೊರಗಿನಿಂದ ಅವಳು ನೋಡಿರಲಿಲ್ಲ. ಮಗು ಓಡುವುದು ಇರುವವರ ಕಡೆಗಲ್ಲ, ಬರುವವರ ಕಡೆಗೆ. ಬಾಗಿಲಲ್ಲಿ ನಿಂತ ಇನ್ನೊಬ್ಬಳ ಮುಖವನ್ನು ತಾನು ಯಾವತ್ತಾದರೂ ನೋಡಿದ್ದೆನೇ? ಹಲ್ಲಿನ ದಿನ ನೋಡಿದ್ದಳು, ಗೆದ್ದವಳು ಸೋತವಳನ್ನು ನೋಡುವ ಹಾಗೆ.

ಈಗ ಅವಳಿಗೆ ಶೂಗಳ ಮೇಲೆ ಹೊಟ್ಟೆಕಿಚ್ಚು. ಬಸ್ಸಿನ ಮೇಲೆ. ನೀಲಿ ಟಿಕೆಟ್ಟಿನ ಮೇಲೆ. ಊಟದ ಹೊತ್ತಿನಲ್ಲಿ ಚಿಕ್ಕವಳು ಆಫೀಸಿನ ಜೋಕುಗಳನ್ನು ಹೇಳಿ ಎಲ್ಲರನ್ನೂ ನಗಿಸುವಾಗ, ಆ ಜೋಕುಗಳೆಲ್ಲ ತನ್ನ ಮೇಜಿನವೇ, ತಾನು ಬಿಟ್ಟು ಬಂದವೇ ಎಂದು ಕಿಚ್ಚು. "ನೀನೂ ಹೇಳೇ ಏನಾದ್ರೂ" ಎಂದ ಗಂಡ. ಹೇಳಲು ಏನಿತ್ತು? ಇಡೀ ದಿನ ಅವಳು ಹೊರಗೆ ಕಾಲಿಟ್ಟದ್ದು ಶಾಲೆಯ ತನಕ ಮಾತ್ರ.

ಮೂರನೆಯ ವಾರದ ಶನಿವಾರ ಇಬ್ಬರೂ ಅಡುಗೆಮನೆಯಲ್ಲಿದ್ದರು. ದೊಡ್ಡವಳು ಅಂಗಡಿಯಿಂದ ಬಂದ ಸಾಮಾನನ್ನು ಚೀಟಿ ನೋಡಿ ಒಂದೊಂದಾಗಿ ಟಿಕ್ ಹಾಕುತ್ತಿದ್ದಳು. ಸಕ್ಕರೆ. ಸೋಪು. ಬೆಂಕಿಪೊಟ್ಟಣ. ಚಿಕ್ಕವಳು ಪಾತ್ರೆ ಒರೆಸುತ್ತ ಚೀಟಿಯ ಮೇಲೆ ಬಗ್ಗಿದಳು.

"ಅಕ್ಕ, ನಿಮ್ಮ ಟಿಕ್ಕಿಗೆ ಬಾಲ ಇರುತ್ತೆ."

"ಏನು?"

"ಬಾಲ. ಎಲ್ಲರೂ ಮೇಲಕ್ಕೆ ಎಳೆದು ಬಿಟ್ಟುಬಿಡ್ತಾರೆ. ನೀವು ಕೊನೇಲಿ ಒಂಚೂರು ಕೆಳಗೆ ಬಗ್ಗಿಸ್ತೀರಿ. ಐದು ವರ್ಷದಿಂದ ಈ ಚೀಟಿ ನೋಡ್ತಿದ್ದೀನಿ." ಅವಳು ಪಾತ್ರೆಯನ್ನು ಕವುಚಿ ಇಟ್ಟಳು. "ಕಂಪನಿ ಕಾಗದದಲ್ಲೂ ಮೂರು ಬಾಲ ಇತ್ತು. ಕೆಳಗೆ ನಿಮ್ಮ ಗೆಳತಿಯ ಸಹಿ ಇರಬೇಕಿತ್ತು, ಬೇರೆ ಯಾರದೋ ಇತ್ತು. ಸಹಿ ಗೀಚಿದ ಹಾಗಿತ್ತು, ಓದೋಕಾಗ್ಲಿಲ್ಲ. ಬಾಲ ಓದಿದೆ."

ದೊಡ್ಡವಳ ಪೆನ್ನು ಬೆಂಕಿಪೊಟ್ಟಣದ ಮೇಲೆ ನಿಂತಿತು. "ಗೊತ್ತಿದ್ದೂ ಸುಮ್ಮನಿದ್ದೆಯಾ?"

"ಕಿರುಚಾಡಿದ್ರೆ ಏನು ಬರ್ತಿತ್ತು? ಸಿಟ್ಟು ಬಂತು. ಮೂರು ದಿನ ನಿಮ್ಮ ಟೀಗೆ ಸಕ್ಕರೆ ಕಮ್ಮಿ ಹಾಕ್ದೆ. ನಿಮಗೆ ಗೊತ್ತೇ ಆಗಲಿಲ್ಲ."

"ನೀನು ಯಾಕೆ ಹಾಗೆ ಮಾಡ್ದೆ?" ದೊಡ್ಡವಳು ಪೆನ್ನು ಕೆಳಗಿಟ್ಟಳು. "ಹಲ್ಲು. ಸೈಕಲ್. ಎಲ್ಲ ನೀನು ನೋಡಿ, ನಂಗೆ ನಾಟಕ ಆಡಿಸಿ... ನನ್ನ ಮಗು ನಂಗೆ ಭಿಕ್ಷೆಯಾ?"

"ಭಿಕ್ಷೆ ಅಂತೆ!" ಚಿಕ್ಕವಳು ಬಟ್ಟೆಯನ್ನು ಕಟ್ಟೆಯ ಮೇಲೆ ಎಸೆದಳು. "ಇಡೀ ಮಧ್ಯಾಹ್ನ ನನ್ನ ಸೊಂಟಕ್ಕೆ ಅಂಟಿಕೊಂಡಿರ್ತಿದ್ಲು. ಗೇಟ್ ಸದ್ದಾಯ್ತು ಅಂದ್ರೆ ನಾನು ಯಾರು, ಎತ್ತ. ನಂಗೂ ಹೊಟ್ಟೆ ಉರೀತಿತ್ತು ಅಕ್ಕ. ಹೇಗೂ ಓಡ್ತಾಳೆ, ನಾನೇ ಕಳಿಸಿದ ಹಾಗಾದ್ರೂ ಇರಲಿ ಅಂತ ಕೈಯಲ್ಲಿ ಏನಾದ್ರೂ ಕೊಟ್ಟು ಓಡಿಸ್ತಿದ್ದೆ. ಓಡೋದು ನನ್ನ ಸುದ್ದಿ ಹಿಡ್ಕೊಂಡೇ ಅಲ್ವಾ?"

ದೊಡ್ಡವಳು ಚೀಟಿಯನ್ನು ಮಡಿಚಿದಳು.

"ಮತ್ತೆ ನಾನೇನು ದೇವತೆ ಅಂದ್ಕೋಬೇಡಿ. ಎಲ್ಲ ಕೊಟ್ಟಿಲ್ಲ. ಒಂದೆರಡು ಒಳ್ಳೇದು ನಾನೇ ಇಟ್ಕೊಂಡಿದ್ದೀನಿ."

"ಯಾವುದು?"

"ಹೇಳಲ್ಲ."

"ಯಾವುದೇ? ಹೇಳು."

"ಹೇಳಲ್ಲ ಅಕ್ಕ" ಎಂದು ಚಿಕ್ಕವಳು ಪಾತ್ರೆಗಳ ಕಡೆ ತಿರುಗಿದಳು. ಅದರಲ್ಲಿ ತಮಾಷೆಯೂ ಇತ್ತು, ತಮಾಷೆಯಲ್ಲದ್ದೂ ಇತ್ತು. ಆ ಒಂದೆರಡು ಯಾವುದಿರಬಹುದೆಂದು ದೊಡ್ಡವಳು ಆಮೇಲೆ ಎಷ್ಟೋ ಸಲ ಯೋಚಿಸಿದಳು. ಮೊದಲು ಓದಿದ ಪದವೋ, ನಿದ್ದೆಗಣ್ಣಲ್ಲಿ ಅಂದ ಮಾತೋ. ಕೇಳಬಹುದಾದ ಧ್ವನಿಮುದ್ರಣ ಅದಕ್ಕಿರಲಿಲ್ಲ.

ಇದಾಗಿ ಎಂಟು ದಿನಕ್ಕೆ, ಮಧ್ಯಾಹ್ನ ಮೂರು ಗಂಟೆಗೆ, ಒಬ್ಬಳು ಹೆಂಗಸು ಯಾವುದೋ ಕಟ್ಟಡದ ನಾಲ್ಕು ಮತ್ತು ಐದನೆಯ ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದಳು. ಕೈಯಲ್ಲಿ ಏನಿದೆ ಎಂದರೆ ಬಿಕ್ಕಳಿಸುತ್ತಲೇ, "ಛತ್ರಿ" ಅಂದಿದ್ದಳು. ಛತ್ರಿಯ ಬಣ್ಣದವರೆಗೆ ಮಾತು ಬಂದಿತ್ತು. ಆಗ ಬಾಗಿಲ ಕೆಳಗಿನಿಂದ ಒಂದು ಚೀಟಿ ತೂರಿಬಂತು. ದೊಡ್ಡದೊಂದು ಬಾಯಿ, ಸಾಲಾಗಿ ಹಲ್ಲುಗಳು, ನಡುವೆ ಒಂದು ಹಳೆಯ ಕಿಂಡಿ, ಅದರ ಪಕ್ಕ ಕೆಂಪು ಪೆನ್ಸಿಲಿನಲ್ಲಿ ಒತ್ತಿ ಒತ್ತಿ ತುಂಬಿದ ಹೊಸ ಕಿಂಡಿ.

ದೊಡ್ಡವಳು ಒಂದು ಗಳಿಗೆ ಆ ಕೆಂಪನ್ನೇ ನೋಡಿದಳು. ಆಮೇಲೆ ಹೆಡ್‌ಫೋನಿನ ತಂತಿ ಎಷ್ಟು ಉದ್ದಕ್ಕೆ ಬರುತ್ತದೋ ಅಷ್ಟು ದೂರ ಎದ್ದುಹೋಗಿ, ಕಾಲಿನಿಂದ ಬಾಗಿಲು ತೆರೆದಳು.

ಗಿಲಕಿ ಮುಷ್ಟಿ ಬಿಗಿಹಿಡಿದು ನಿಂತಿದ್ದಳು. ಗದ್ದದ ತನಕ ರಕ್ತದ ಒಂದು ಗೆರೆ. ದೊಡ್ಡವಳು ಕೈಚೌಕದಿಂದ ಅದನ್ನು ಒತ್ತಿ ಒರೆಸಿದಳು. ಬಿಸಿ ರಕ್ತ, ಬಟ್ಟೆಯಲ್ಲಿ ನಾಣ್ಯದಷ್ಟು ಅಗಲ ಹರಡಿತು.

"ಯಾರದು? ಯಾರಾದ್ರೂ ಬಂದ್ರಾ?" ಅಂದಳು ಲಿಫ್ಟಿನ ಹೆಂಗಸು.

"ಇನ್ನೂ ಹತ್ತು ನಿಮಿಷ ಇದೆಯಮ್ಮ, ದಾರೀಲಿದ್ದಾರೆ. ನಾನು ಇಲ್ಲೇ ಇದ್ದೀನಿ." ಆಮೇಲೆ, ಕಾಗದದ ಕೊನೆಯ ಸಾಲು ಗೊತ್ತಿದ್ದೂ, ಮೈಕಿಗೆ ಅಂಗೈ ಒತ್ತದೆ ಹೇಳಿದಳು. "ನನ್ನ ಮಗಳು. ಹಲ್ಲು ಬಿತ್ತು."

"ಅಯ್ಯೋ! ಮೊದಲನೇದಾ?"

"ಎರಡನೇದು. ಮೊದಲನೇದು ನಾನು ನೋಡಲಿಲ್ಲ."

ಗಿಲಕಿ ಅವಳ ತೋಳು ಜಗ್ಗಿ, ಒಂದು ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಕಲಿತ ಪಿಸುದನಿಯಲ್ಲಿ ಕೇಳಿದಳು. "ಅಮ್ಮ, ಚಿಕ್ಕಮ್ಮನಿಗೆ 'ಈಗ ತಾನೇ ಬಿತ್ತು' ಅನ್ನೋಣ್ವಾ?"

ಬೇಡ ಅನ್ನಬಹುದಿತ್ತು. ಒಂದು ಶಬ್ದ ಸಾಕಿತ್ತು. ಈ ಹಲ್ಲು ಅವಳದು, ರಕ್ತದ ಸಮೇತ. ಚಿಕ್ಕವಳು ಬರುವಷ್ಟರಲ್ಲಿ ಅದು ಹಳೆಯ ಸುದ್ದಿಯಾಗಿ, ಮೇಜಿನ ಮೇಲೆ ಬಟ್ಟಲಲ್ಲಿ ಬಿದ್ದಿರುತ್ತಿತ್ತು. "ಓ, ಅದಾ? ಮಧ್ಯಾಹ್ನವೇ ಬಿತ್ತು" ಎಂದು ಅನ್ನುವ ಸುಖ ದೊಡ್ಡವಳ ನಾಲಿಗೆಯ ತುದಿಗೆ ಬಂದು ಸಿಹಿಯಾಯಿತು. ಮಗಳು ಕಾಯುತ್ತಿದ್ದಳು. ಅವಳ ಕಣ್ಣಲ್ಲಿ ಹಲ್ಲು ಬಿದ್ದ ಖುಷಿಗಿಂತ, ಆರು ಇಪ್ಪತ್ತರ ಖುಷಿ ದೊಡ್ಡದಾಗಿತ್ತು.

"ಹೂಂ" ಅಂದಳು ದೊಡ್ಡವಳು. "ಬಾಯಿ ತೊಳ್ಕೋ, ಹೋಗು."

ಲಿಫ್ಟಿನ ಹೆಂಗಸು ಹೊರಬಂದದ್ದು ಮೂರು ಹನ್ನೆರಡಕ್ಕೆ. ಛತ್ರಿಯನ್ನು ಒಳಗೇ ಮರೆತಳಂತೆ.

ಗೇಟು ಕಿರುಗುಟ್ಟಿತು. ಗಿಲಕಿ ಬಾಣದ ಹಾಗೆ ಹೋದಳು. "ಚಿಕ್ಕಮ್ಮಾ! ಈಗ ತಾನೇ ಬಿತ್ತು! ನೀನು ಗೇಟ್ ತೆಗೆದೆ, ಇದು ಬಿತ್ತು!" ದೊಡ್ಡವಳು ತನ್ನ ಪಾಲಿನ ಮಾತು ಅಂದಳು, ಬಾಗಿಲಿನಿಂದ, ಕೈ ಹಿಂದೆ ಕಟ್ಟಿಕೊಂಡು. "ಅಯ್ಯೋ, ಬಿದ್ದೇ ಹೋಯ್ತಾ?"

ಚಿಕ್ಕವಳು ಕಂದು ಶೂಗಳ ಮೇಲೆ ಕುಕ್ಕರಿಸಿ ಕೂತು ಮಗುವಿನ ಗದ್ದ ಎತ್ತಿ ಹಿಡಿದಳು. ಕಿಂಡಿಯನ್ನು ಬೆರಳಿನಿಂದ ಮುಟ್ಟಿದಳು. ನುಣ್ಣಗೆ, ಒಣಗಿತ್ತು. ಅವಳ ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. "ಅಬ್ಬಬ್ಬಾ! ನಾನು ಬರೋತನಕ ಕಾದಿತ್ತಾ ಇದು?" ಎಂದು ಗಿಲಕಿಯನ್ನು ಅಪ್ಪಿಕೊಂಡು, ಮಗುವಿನ ತಲೆಯ ಮೇಲಿನಿಂದ ದೊಡ್ಡವಳನ್ನು ನೋಡಿದಳು. ನೋಟ ಮುಖದಿಂದ ಭುಜಕ್ಕೆ, ಭುಜದಿಂದ ಬೆನ್ನ ಹಿಂದೆ ಹೋದ ತೋಳಿಗೆ ಇಳಿಯಿತು.

"ಅಕ್ಕ, ಕೈಯಲ್ಲಿ ಏನಿದೆ?"

ದೊಡ್ಡವಳು ಕೈಚೌಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಏನಿಲ್ಲ" ಅಂದಳು.